ಕೆಲಸ ಶುರು ಮಾಡುವ ಮೊದಲು ಐದು ನಿಮಿಷದ ಮಾತು: ನಿಮ್ಮಲ್ಲಿ ಹೇಗೆ ಮಾಡ್ತೀರಿ?

ಟ್ರಸ್‌ಕೆಲಸ_ಬದಿಯಡ್ಕ
ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಮನೆಗಳ ಟೆರೇಸ್ ಮೇಲೆ ಕಬ್ಬಿಣದ ಟ್ರಸ್ (ಮಾಡಿನ ಚೌಕಟ್ಟು) ಮಾಡಿ ಶೀಟ್ ಹಾಕುವ ಕೆಲಸ ನನ್ನದು. ಎಂಟು ವರ್ಷ ಗಲ್ಫ್‌ನಲ್ಲಿದ್ದೆ. ವಾಪಸು ಬಂದು ಸಣ್ಣ ತಂಡ ಕಟ್ಟಿದೆ. ನನ್ನನ್ನೂ ಸೇರಿಸಿ ಏಳು ಜನ. ಇಬ್ಬರು ಊರಿನವರು, ಒಬ್ಬರದು ತುಳು, ಇನ್ನೊಬ್ಬರದು ಮಲಯಾಳ. ಮೂವರು ಬಂಗಾಳದವರು, ಒಬ್ಬ ಒಡಿಶಾದವನು. ಗಲ್ಫ್‌ನಲ್ಲಿ ನೋಡಿದ ಹಾಗೆ ಇಲ್ಲಿಯೂ ದಿನಾ ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ, ಇವತ್ತು ಏನು ಕೆಲಸ, ಎಲ್ಲಿ ಜಾಗ್ರತೆ ಬೇಕು ಅಂತ ಹೇಳ್ತೇನೆ.

ಕಳೆದ ವಾರ ಹಳೇ ಸಿಮೆಂಟ್ ಶೀಟ್ ತೆಗೆಯುವಾಗ ಒಬ್ಬ ಹುಡುಗ ಶೀಟಿನ ನಡುವೆ ಕಾಲಿಟ್ಟ. ಶೀಟ್ ಒಡೆದು ಕೆಳಗೆ ಬಿದ್ದ. ಕೆಳಗೆ ಅಡಿಕೆ ಗೋಣಿಗಳು ಇದ್ದವು, ಕೈ ಮುರಿಯುವುದರಲ್ಲಿ ಮುಗಿಯಿತು. ಆ ದಿನ ಬೆಳಿಗ್ಗೆ ನಾನು ಹತ್ತು ನಿಮಿಷ ಮಾತಾಡಿದ್ದೆ, ಅವನು ತಲೆ ಅಲ್ಲಾಡಿಸಿದ್ದ. ಆಸ್ಪತ್ರೆಯಲ್ಲಿ ಕೂತು ಕೇಳಿದಾಗ ಗೊತ್ತಾಯಿತು, ಅಷ್ಟು ಮಾತಿನಲ್ಲಿ ಅವನಿಗೆ ತಿಳಿದದ್ದು "ಬೆಲ್ಟ್" ಎಂಬ ಒಂದೇ ಶಬ್ದ. ಬೀಳದ ಹಾಗೆ ಹಿಡಿಯುವ ಬೆಲ್ಟ್ ಹಾಕಿಕೊಂಡಿದ್ದ. ಅದರ ಹಗ್ಗದ ಹುಕ್ ಮಾತ್ರ ಎಲ್ಲಿಗೂ ಸಿಕ್ಕಿಸಿರಲಿಲ್ಲ.

ಅವತ್ತಿನಿಂದ ನಿದ್ದೆ ಸರಿ ಇಲ್ಲ. ನನ್ನ ಪ್ರಶ್ನೆ ಎರಡು. ಹೇಳಿದ ಮಾತು ಅವರ ತಲೆಗೆ ಹೋಗಬೇಕಾದರೆ ಹೇಗೆ ಹೇಳಬೇಕು? ಮತ್ತೆ, ನಾವು ನಿಂತು ಮಾತಾಡುವಾಗ ಮನೆಯವರು ಗಡಿಯಾರ ನೋಡ್ತಾರೆ, ಅವರಿಗೆ ಎಂತ ಹೇಳುವುದು?

ನೀರ್ಚಾಲು_ತೋಟ
ಹುಡುಗ ಬೇಗ ಗುಣವಾಗಲಿ. ಆದರೆ ಕೆಲಸ ಮಾಡಿಸುವವನಾಗಿ ನೇರ ಹೇಳ್ತೇನೆ. ಎಂಟೂವರೆಗೆ ಬರ್ತಾರೆ, ಬಟ್ಟೆ ಬದಲಾಯಿಸಿ ಸಾಮಾನು ಇಳಿಸುವಾಗ ಒಂಬತ್ತು, ಹತ್ತಕ್ಕೆ ಚಹಾ. ಅದರ ಮೇಲೆ ಸಭೆಯೂ ಬೇಕಾದರೆ ನಾವು ಕೂಲಿ ಕೊಡುವುದು ಯಾವುದಕ್ಕೆ? ಪಿಕಪ್‌ನಲ್ಲಿ ಬರುವಾಗ ಮಾತಾಡಬಹುದು ಅಲ್ವಾ?

ಉಪ್ಪಳ_ವೆಲ್ಡರ್
ಪಿಕಪ್‌ನಲ್ಲಿ ಕೂತು ನಿಮ್ಮ ಮನೆಯ ಯಾವ ಶೀಟ್ ಕೊಳೆತಿದೆ ಅಂತ ತೋರಿಸುವುದು ಹೇಗೆ ಮಾರಾಯ್ರೆ?

ರುವೈಸ್‌ನಿಂದ_ವಾಪಸ್
ಹನ್ನೊಂದು ವರ್ಷ ಅಬುಧಾಬಿ ಕಡೆ ಪೈಪ್ ಕೆಲಸದಲ್ಲಿದ್ದೆ. ಅಲ್ಲಿ ಇದಕ್ಕೆ ಟೂಲ್ ಬಾಕ್ಸ್ ಟಾಕ್ ಅಂತಾರೆ, ನಮ್ಮ ಬಾಯಲ್ಲಿ ಟಿಬಿಟಿ. ಟಿಬಿಟಿ ಆಗದೆ ಸ್ಪಾನರ್ ಮುಟ್ಟುವ ಹಾಗಿಲ್ಲ. ಕೇಳಲು ಬಹಳ ಚಂದ. ನಿಜ ಹೇಳ್ತೇನೆ, ಮೊದಲ ಕಂಪೆನಿಯಲ್ಲಿ ಅದು ಸುಮ್ನೆ ಸಹಿ ಹಾಕುವ ಕೆಲಸವಾಗಿತ್ತು. ಸೇಫ್ಟಿ ಆಫೀಸರ್ ಒಂದು ಹಾಳೆ ಓದುತ್ತಿದ್ದರು, ನೂರಿಪ್ಪತ್ತು ಜನ ನಿಂತು ಕೇಳುತ್ತಿದ್ದೆವು, ಹಿಂದೆ ನಿಂತವರಿಗೆ ಶಬ್ದವೇ ಬರುತ್ತಿರಲಿಲ್ಲ, ಆಮೇಲೆ ಒಂದು ಕಾಗದ ಕೈಯಿಂದ ಕೈಗೆ ಹೋಗುತ್ತಿತ್ತು. ವಿಷಯವೂ ದಿನಾ ಅದೇ, ಹೆಲ್ಮೆಟ್, ಗ್ಲೌಸ್, ನೀರು ಕುಡಿಯಿರಿ.

ಎರಡನೇ ಕಂಪೆನಿಯಲ್ಲಿ ಕೇರಳದವರೇ ಒಬ್ಬ ಫೋರ್‌ಮನ್ ಇದ್ದರು. ಅವರು ಭಾಷಣ ಮಾಡುತ್ತಿರಲಿಲ್ಲ. ಹತ್ತು ಹನ್ನೆರಡು ಜನರನ್ನು ಕೆಲಸದ ಜಾಗಕ್ಕೇ ಕರೆದುಕೊಂಡು ಹೋಗುತ್ತಿದ್ದರು. ಒಬ್ಬನ ಕಡೆ ಬೆರಳು ತೋರಿಸಿ, "ಇಲ್ಲಿ ಇವತ್ತು ಯಾರಿಗಾದರೂ ಪೆಟ್ಟಾದರೆ ಹೇಗೆ ಆಗಬಹುದು?" ಅಂತ ಕೇಳುತ್ತಿದ್ದರು. ಅವನು ಹೇಳುವವರೆಗೆ ಕಾಯುತ್ತಿದ್ದರು. ನಾಳೆ ನನ್ನ ಸರದಿ ಬಂದರೂ ಬರಬಹುದು ಅಂತ ಎಲ್ಲರೂ ಕಣ್ಣು ಬಿಟ್ಟು ನೋಡುತ್ತಿದ್ದೆವು. ಐದು ನಿಮಿಷದಲ್ಲಿ ಮುಗಿಯುತ್ತಿತ್ತು.

ಅಣ್ಣಾ, ನೀವು ಹತ್ತು ನಿಮಿಷ ಹೇಳಿದ್ದೀರಿ. ಅವರು ಎಷ್ಟು ನಿಮಿಷ ಹೇಳಿದರು?

ಟ್ರಸ್‌ಕೆಲಸ_ಬದಿಯಡ್ಕ
ಒಂದು ನಿಮಿಷವೂ ಇಲ್ಲ. ನಿಜ.

ಮುಳ್ಳೇರಿಯ_ಮೇಷ್ಟ್ರು
ಹಿಂದಿಯಲ್ಲಿ ಹೇಳಿ. ಈಗ ಎಲ್ಲರಿಗೂ ಹಿಂದಿ ಬರುತ್ತದೆ.

ಉಪ್ಪಳ_ವೆಲ್ಡರ್
ಇಲ್ಲ ಮೇಷ್ಟ್ರೇ. ನನ್ನ ಜೊತೆ ಬಂಗಾಳದ ಮುರ್ಶಿದಾಬಾದಿನವರು ಇದ್ದಾರೆ. ಹೊಸದಾಗಿ ಬಂದವರಿಗೆ ಹಿಂದಿ ಅರ್ಧಂಬರ್ಧ. ನಮ್ಮ ಹಿಂದಿ ಅದಕ್ಕಿಂತ ಅರ್ಧ. ಎರಡು ಅರ್ಧ ಸೇರಿದರೆ ಪೂರ್ತಿ ಆಗುವುದಿಲ್ಲ. ಒಂದು ಉದಾಹರಣೆ ಕೊಡ್ತೇನೆ. "ಸಾವಧಾನ" ಅಂದರೆ ನಮಗೂ ಮಲಯಾಳದವರಿಗೂ ನಿಧಾನ, ಮೆಲ್ಲಗೆ. ಅವರಿಗೆ "ಶಾಬ್‌ಧಾನ್" ಅಂದರೆ ಅಪಾಯ ಉಂಟು, ಎಚ್ಚರ. ಒಮ್ಮೆ ಅವರಲ್ಲಿ ಒಬ್ಬ ಮೇಲಿನಿಂದ ಹಾಗೆ ಕೂಗಿದ. ಕೆಳಗಿದ್ದ ನಮ್ಮ ಊರಿನವ ಪೈಪ್ ಮೆಲ್ಲ ಇಳಿಸ್ತಾನೆ ಅಂತ ಅಲ್ಲೇ ನಿಂತ. ಪೈಪ್ ಜಾರಿ ಬರುತ್ತಿತ್ತು! ಒಂದು ಗೇಣಿನಲ್ಲಿ ತಪ್ಪಿತು. ಈಗ ನಾವು ಕೂಗುವ ಶಬ್ದ ಒಂದೇ, "ಸ್ಟಾಪ್". ಕೇಳಿದ ಕೂಡಲೇ ಎಲ್ಲರೂ ಕೆಲಸ ನಿಲ್ಲಿಸಬೇಕು. ಹೊಸಬ ಬಂದ ದಿನ ಮೊದಲು ಕಲಿಸುವುದೇ ಅದನ್ನು.

ಪೈವಳಿಕೆ_ಶ್ರೀ
ಸಾವಧಾನದ ವಿಷಯ ಓದಿ ಮೈ ಜುಂ ಅಂದಿತು. ಸಂಸ್ಕೃತದ ಒಂದೇ ಶಬ್ದ, ಒಂದು ಕಡೆ ಓಡು, ಒಂದು ಕಡೆ ನಿಲ್ಲು.

ಕಾಸರಗೋಡು_ಕನ್ನಡಿಗ
ಭಾಷೆಯ ಮಾತು ಬಂತಲ್ಲ, ಅದಕ್ಕೆ ಹೇಳ್ತೇನೆ. ಹೆದ್ದಾರಿ 66ರ ಅಗಲೀಕರಣ ನಡೆಯುವಾಗ ತಲಪಾಡಿಯಿಂದ ಈಚೆ ನಾನು ದಿನಾ ಬೈಕಿನಲ್ಲಿ ಹೋಗುತ್ತಿದ್ದೆ. ಹೊಂಡ ಉಂಟು, ತಿರುಗಿ ಹೋಗಿ ಅಂತ ಬರೆದ ಬೋರ್ಡ್‌ಗಳಲ್ಲಿ ಕನ್ನಡ ಹುಡುಕಬೇಕಿತ್ತು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಇಲ್ಲಿನ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರ್ಕಾರದ ಜೊತೆ ತಮ್ಮ ಭಾಷೆಯಲ್ಲೇ ವ್ಯವಹರಿಸಬಹುದು ಅಂತ ಉಂಟು. ಅಪಾಯದ ಬೋರ್ಡ್ ನಮಗೆ ಓದಲು ಬರುವ ಭಾಷೆಯಲ್ಲಿ ಬೇಕು ಅಂತ ನಾವು ಕೇಳುತ್ತೇವೆ. ಬಂಗಾಳದ ಹುಡುಗನಿಗೂ ಅದೇ ನ್ಯಾಯ ಅಲ್ವಾ?

ಮುಳ್ಳೇರಿಯ_ಮೇಷ್ಟ್ರು
ಅದು ಸರಿ. ನನ್ನ ಮಾತು ವಾಪಸು ತೆಗೆದುಕೊಂಡೆ.

ಅಡಿಕೆ_ಮದ್ದು_ಪೆರ್ಲ
ನಮ್ಮ ತೋಟದ ಕೆಲಸದಲ್ಲಿ ಈ ಸಭೆ ಅಂತ ಒಂದು ಇಲ್ಲವೇ ಇಲ್ಲ. ಅಡಿಕೆಯ ಕೊಳೆ ರೋಗಕ್ಕೆ ಮಳೆಗಾಲದ ಮೊದಲು ಒಮ್ಮೆ ಬೋರ್ಡೋ ಮದ್ದು ಬಿಡ್ತೇವೆ, ಆಮೇಲೆ ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ. ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್. ಇದರ ಲೆಕ್ಕ ಎಲ್ಲರಿಗೂ ಬಾಯಿಪಾಠ. ಕರೆಂಟ್ ಲೈನ್ ತೋಟದ ಯಾವ ಸಾಲಿನ ಮೇಲೆ ಹೋಗುತ್ತದೆ ಅಂತ ಕೆಲಸದವರಿಗೆ ಯಾರೂ ಹೇಳುವುದಿಲ್ಲ. ನಾನೂ ಹೇಳಿರಲಿಲ್ಲ. ಈಗ ಹೇಗೂ ಮರ ಏರುವವರು ಇಲ್ಲ, ಎಲ್ಲರೂ ನೆಲದಲ್ಲೇ ನಿಂತು ಫೈಬರ್ ದೋಟಿಯಲ್ಲಿ (ಉದ್ದದ ಕೋಲು) ಮದ್ದು ಬಿಡುವುದು. ಫೈಬರ್ ಆದ ಕಾರಣ ಕರೆಂಟಿನ ಹೆದರಿಕೆ ಇಲ್ಲ, ಅದೊಂದು ಸಮಾಧಾನ.

ಲೈನ್‌ಮನ್_ನಿವೃತ್ತ
ದಯವಿಟ್ಟು ಆ ಕೊನೆಯ ಸಾಲನ್ನು ಯಾರೂ ನಂಬಬೇಡಿ!! ತೋಟದಲ್ಲಿ ಈಗ ಓಡಾಡುವ ಹಗುರ ದೋಟಿ ಹೆಚ್ಚಿನದ್ದೂ ಕಾರ್ಬನ್ ಫೈಬರ್. ಕಾರ್ಬನ್ ಕರೆಂಟ್ ಹಾಯಿಸುತ್ತದೆ. ಅಲ್ಯೂಮಿನಿಯಂ ಏಣಿಗೆ ಹೆದರುವ ಹಾಗೆಯೇ ಅದಕ್ಕೂ ಹೆದರಬೇಕು. ಗ್ಲಾಸ್ ಫೈಬರ್ ಬೇರೆ ಜಾತಿ, ಒಣಗಿ ಸ್ವಚ್ಛ ಇದ್ದರೆ ಅದು ಕರೆಂಟ್ ತಡೆಯುತ್ತದೆ. ಆದರೆ ಮೈಲುತುತ್ತಿನ ನೀರು ಸುರಿದು ಒದ್ದೆಯಾದ ಮೇಲೆ ಅದನ್ನೂ ನಂಬುವ ಹಾಗಿಲ್ಲ. 11 ಕೆವಿ (11 ಸಾವಿರ ವೋಲ್ಟ್) ಲೈನ್ ಆದರೆ ಮುಟ್ಟಲೇ ಬೇಕೆಂದಿಲ್ಲ, ತೀರಾ ಹತ್ತಿರ ಹೋದರೆ ಹಾರಿ ಹಿಡಿಯುತ್ತದೆ.

ಅಡಿಕೆ_ಮದ್ದು_ಪೆರ್ಲ
ಅಂಗಡಿಯವರು ಹಾಗೆ ಹೇಳಲಿಲ್ಲವಲ್ಲ. ಮೂರು ವರ್ಷದಿಂದ ಹಿಡಿದುಕೊಂಡಿದ್ದೇವೆ, ಏನೂ ಆಗಿಲ್ಲ.

ಲೈನ್‌ಮನ್_ನಿವೃತ್ತ
ಲೈನಿಗೆ ತಾಗಲಿಲ್ಲ, ಆದ ಕಾರಣ ಏನೂ ಆಗಿಲ್ಲ. ನಿಮ್ಮ ದೋಟಿ ಕಪ್ಪು ಬಣ್ಣದ್ದಾ, ಮೇಲೆ ನೇಯ್ದ ಹಾಗೆ ಕಾಣ್ತದಾ, ನೋಡಿ. 60 ಅಡಿ ದೋಟಿ ನೆಟ್ಟಗೆ ಹಿಡಿದು ಒಂದು ಮರದಿಂದ ಇನ್ನೊಂದು ಮರಕ್ಕೆ ನಡೆಯುವವನಿಗೆ ಕಣ್ಣು ಅಡಿಕೆ ಗೊನೆಯ ಮೇಲೆ ಇರುತ್ತದೆ. ತಂತಿ ಕಾಣುವುದಿಲ್ಲ. ಕೆಲಸಕ್ಕೆ ಮೊದಲು ತೋಟದಲ್ಲಿ ಒಮ್ಮೆ ಅವರ ಜೊತೆ ನಡೆಯಿರಿ, ಲೈನ್ ಹೋಗುವ ಸಾಲಿನ ಮರಗಳಿಗೆ ಕೆಂಪು ಬಟ್ಟೆ ಕಟ್ಟಿ. ಆ ಮರಗಳಿಗೆ ಅವತ್ತು ಮದ್ದು ಬೇಡ. ವಿದ್ಯುತ್ ಕಚೇರಿಗೆ ಮೊದಲೇ ಹೇಳಿ ಲೈನ್ ಆಫ್ ಮಾಡಿಸಿ ಇನ್ನೊಂದು ದಿನ ಮದ್ದು ಬಿಡಿ. ತಂತಿ ತುಂಡಾಗಿ ಬಿದ್ದದ್ದು ಕಂಡರೆ 1912ಕ್ಕೆ ಫೋನ್ ಮಾಡಿ, ಹತ್ತಿರ ಹೋಗಬೇಡಿ.

ಅಡಿಕೆ_ಮದ್ದು_ಪೆರ್ಲ
ಈಗಲೇ ಹೋಗಿ ನೋಡಿ ಬಂದೆ. ಕಪ್ಪು, ನೇಯ್ದ ಹಾಗೆಯೇ ಉಂಟು. ಹಿಡಿಯುವ ಕಡೆ ಮಾತ್ರ ಹಳದಿ. ನಾಳೆ ನಮ್ಮ ಕೆಲಸದವರಿಗೆ ಮೊದಲು ಇದನ್ನೇ ಹೇಳ್ತೇನೆ. ದೊಡ್ಡ ಉಪಕಾರ ಆಯಿತು ಅಣ್ಣ.

ರುವೈಸ್‌ನಿಂದ_ವಾಪಸ್
ಲೈನ್‌ಮನ್ ಅಣ್ಣ, ನಿಮ್ಮಲ್ಲಿ ಕಂಬ ಏರುವ ಮೊದಲು ಮಾತುಕತೆ ಹೇಗಿತ್ತು? ಅದನ್ನೂ ಬರೆಯಿರಿ.

ಲೈನ್‌ಮನ್_ನಿವೃತ್ತ
ಒಳ್ಳೆ ಓವರ್‌ಸಿಯರ್ ಇದ್ದ ದಿನ ಕಂಬದ ಬುಡದಲ್ಲಿ ನಿಂತು ನಾಲ್ಕು ವಿಷಯ ಬಾಯಿಬಿಟ್ಟು ಹೇಳಲೇಬೇಕಿತ್ತು. ಯಾವ ಕಂಬ, ಯಾವ ಸ್ವಿಚ್ ಆಫ್ ಆಗಿದೆ, ಅದನ್ನು ಕಣ್ಣಾರೆ ನೋಡಿದವರು ಯಾರು, ಅರ್ತ್ ರಾಡ್ (ಲೈನನ್ನು ನೆಲಕ್ಕೆ ಜೋಡಿಸುವ ರಾಡ್) ಎಲ್ಲೆಲ್ಲಿ. ಫೋನಿನಲ್ಲಿ "ಆಫ್ ಆಯಿತು" ಅಂದರೆ ಸಾಲದು. ಮೊದಲು ಟೆಸ್ಟ್ ಮಾಡಬೇಕು, ಆಮೇಲೆ ಕೆಲಸದ ಜಾಗದ ಎರಡೂ ಕಡೆ ಅರ್ತ್ ಮಾಡಬೇಕು, ಅದಾದ ಮೇಲೆ ಕೈ ಹಾಕಬೇಕು.

ಎರಡೂ ಕಡೆ ಯಾಕೆ ಅಂತ ಹೊಸಬರು ಕೇಳ್ತಾರೆ. ಯಾರದೋ ಮನೆಯಲ್ಲಿ ಜನರೇಟರ್ ತಪ್ಪಾಗಿ ಕೊಟ್ಟಿದ್ದರೆ ಕರೆಂಟ್ ಹಿಂದಿನಿಂದ ಬರುತ್ತದೆ. ಮನೆಯ 230 ವೋಲ್ಟ್ ಟ್ರಾನ್ಸ್‌ಫಾರ್ಮರಿನಲ್ಲಿ ತಿರುಗಿ ಹೋದರೆ ಮೇಲಿನ ಲೈನಿನಲ್ಲಿ ಸಾವಿರಾರು ವೋಲ್ಟ್ ಆಗುತ್ತದೆ. ಮಳೆಗಾಲದ ರಾತ್ರಿ, ಇಡೀ ಊರು ಕತ್ತಲೆ, ಎಲ್ಲ ಕಡೆಯಿಂದ ಬೇಗ ಮಾಡಿ ಬೇಗ ಮಾಡಿ ಅಂತ ಫೋನ್. ಆ ಗಡಿಬಿಡಿಯಲ್ಲಿ ಬಿಟ್ಟುಹೋಗುವುದು ಈ ಎರಡು ನಿಮಿಷದ ಮಾತೇ. ನನ್ನ ಜೊತೆ ಸೇರಿದವರಲ್ಲಿ ಒಬ್ಬ ಹಾಗೆಯೇ ಹೋದ. ಹೆಚ್ಚು ಬರೆಯಲು ಆಗುವುದಿಲ್ಲ.

ಪೈವಳಿಕೆ_ಶ್ರೀ
🙏

ಬಾಯಾರು_ಬಾವಿಕೆಲಸ
ಸಭೆ ಗಿಬೆ ಅಂತ ಹೆಸರು ಇರಲಿಲ್ಲ, ಆದರೆ ಈ ಕ್ರಮ ನಮ್ಮಲ್ಲಿ ಹಿಂದಿನಿಂದಲೂ ಉಂಟು. ಬಾಯಾರು, ಎಣ್ಮಕಜೆ ಕಡೆ ಗುಡ್ಡಕ್ಕೆ ಅಡ್ಡ ಸುರಂಗ ಕೊರೆದು ನೀರು ತೆಗೆಯುವುದು ಗೊತ್ತುಂಟಲ್ಲ. ನನ್ನ ಮಾವ ಸುರಂಗ ಕೊರೆಯುತ್ತಿದ್ದರು. ಒಳಗೆ ಹೋಗುವ ಮೊದಲು ಬಾಗಿಲಲ್ಲಿ ಕೂತು ಎಲೆ ಅಡಿಕೆ ಹಾಕುತ್ತಾ, ನಿನ್ನೆ ಎಲ್ಲಿಗೆ ನಿಲ್ಲಿಸಿದ್ದು, ಮೇಲಿನ ಮಣ್ಣು ಹೇಗಿತ್ತು, ಎಲ್ಲಿ ಜಿನುಗು ಕಂಡಿತು, ಎಲ್ಲ ಮಾತಾಡುತ್ತಿದ್ದರು. ಒಳಗೆ ಮೇಣದ ಬತ್ತಿ ಹಚ್ಚಿಕೊಂಡು ಹೋಗುವುದು. ದೀಪ ಸಣ್ಣಗಾದರೆ ಆ ಕ್ಷಣ ಹೊರಗೆ. ದೊಡ್ಡವನು ಚಿಕ್ಕವನು ಇಲ್ಲ, ಯಾರು ಮೊದಲು ಕಂಡನೋ ಅವನು ಹೇಳಿದರೆ ಎಲ್ಲರೂ ಹೊರಗೆ. ಬಾವಿಗೆ ಇಳಿಯುವಾಗಲೂ ನಾನು ಅದನ್ನೇ ಮಾಡ್ತೇನೆ, ಬಕೆಟಿನಲ್ಲಿ ದೀಪ ಇಳಿಸಿ ನೋಡ್ತೇನೆ.

ಪ್ಲಾಂಟ್_ಇನ್‌ಸ್ಟ್ರುಮೆಂಟ್
ಮಾವನವರ ಕ್ರಮ ಬಹಳ ಒಳ್ಳೆಯದು, ಆದರೆ ಬಾವಿಯ ದೀಪದ ಬಗ್ಗೆ ಒಂದು ತಿದ್ದುಪಡಿ. ಗಾಳಿಯಲ್ಲಿ ಆಮ್ಲಜನಕ ಸಾಧಾರಣ 20.9 ಪ್ರತಿಶತ. ಕಾರ್ಖಾನೆಗಳಲ್ಲಿ 19.5ಕ್ಕಿಂತ ಕಡಿಮೆ ಇದ್ದರೆ ಟ್ಯಾಂಕಿನ ಒಳಗೆ ಬಿಡುವುದಿಲ್ಲ. ಮೇಣದ ಬತ್ತಿ ಆರುವುದು ಸುಮಾರು 16ರ ಹತ್ತಿರ. ದೀಪ ಉರಿಯುತ್ತಿದೆ ಅಂದ ಕೂಡಲೇ ಗಾಳಿ ಸರಿ ಇದೆ ಅಂತ ಆಗುವುದಿಲ್ಲ. ಇನ್ನೊಂದು, ನೀರು ಖಾಲಿ ಮಾಡಲು ಪೆಟ್ರೋಲ್ ಪಂಪನ್ನು ಬಾವಿಯ ಒಳಗೆ ಇಳಿಸಿ ಓಡಿಸಿದ್ದರೆ ಅಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ, ದೀಪವೂ ಆರುವುದಿಲ್ಲ. ಮನುಷ್ಯ ಬೀಳ್ತಾನೆ. ಅವನನ್ನು ತೆಗೆಯಲು ಇನ್ನೊಬ್ಬ ಇಳಿದು ಅವನೂ ಬೀಳ್ತಾನೆ. ಇಳಿಯುವ ಮೊದಲಿನ ಮಾತಿನಲ್ಲಿ ಇದು ಖಂಡಿತ ಇರಬೇಕು: ಒಳಗಿದ್ದವನು ಬಿದ್ದರೆ ಮೇಲಿದ್ದವರು ಇಳಿಯಬಾರದು, ಸೊಂಟದ ಹಗ್ಗ ಹಿಡಿದು ಮೇಲಿನಿಂದಲೇ ಎಳೆಯಬೇಕು, 101ಕ್ಕೆ ಫೋನ್ ಮಾಡಬೇಕು. ಹಗ್ಗ ಕಟ್ಟದೆ ಇಳಿಯುವುದೇ ಬೇಡ.

ಬಾಯಾರು_ಬಾವಿಕೆಲಸ
ಪಂಪ್ ನಾವು ಯಾವಾಗಲೂ ಮೇಲೆಯೇ ಇಡುವುದು. ಹಗ್ಗದ ಮಾತು ಒಪ್ಪಿದೆ. ಗಾಳಿ ನೋಡುವ ಮೆಷಿನ್ ಸಣ್ಣದು ಸಿಗ್ತದಾ?

ಪ್ಲಾಂಟ್_ಇನ್‌ಸ್ಟ್ರುಮೆಂಟ್
ಅಂಗಿಗೆ ಸಿಕ್ಕಿಸುವಷ್ಟು ಚಿಕ್ಕದು ಸಿಗುತ್ತದೆ, ನಾಲ್ಕು ಗ್ಯಾಸ್ ನೋಡುವಂಥದ್ದು. ಒಬ್ಬರಿಗೆ ದುಬಾರಿ. ನಾಲ್ಕೈದು ಬಾವಿ ತಂಡದವರು ಸೇರಿ ಒಂದು ತೆಗೆದುಕೊಳ್ಳಿ. ವರ್ಷ ವರ್ಷ ಸರಿ ಉಂಟಾ ಅಂತ ಚೆಕ್ ಮಾಡಿಸಬೇಕು.

ಇಲ್ಲಿ ಇನ್ನೊಂದು ಘಟನೆ ಹೇಳಲೇಬೇಕು. 1988ರ ಜುಲೈ 6ರಂದು ಸ್ಕಾಟ್ಲೆಂಡಿನ ಹತ್ತಿರ ಉತ್ತರ ಸಮುದ್ರದಲ್ಲಿ ಪೈಪರ್ ಆಲ್ಫಾ ಎಂಬ ತೈಲದ ವೇದಿಕೆ ಸುಟ್ಟುಹೋಯಿತು. 167 ಜನ ಸತ್ತರು. ಹಗಲಿನವರು ಒಂದು ಪಂಪಿನ ಸೇಫ್ಟಿ ವಾಲ್ವ್ ಬಿಚ್ಚಿ, ಆ ಜಾಗಕ್ಕೆ ಒಂದು ಮುಚ್ಚಳ ಹಾಕಿದ್ದರು. ಕೆಲಸ ಮುಗಿಯಲಿಲ್ಲ. ಪಂಪಿಗೆ ಒಂದು ಪರ್ಮಿಟ್ (ಕೆಲಸದ ಅನುಮತಿ ಚೀಟಿ), ವಾಲ್ವಿಗೆ ಇನ್ನೊಂದು. ರಾತ್ರಿ ಇನ್ನೊಂದು ಪಂಪ್ ನಿಂತಾಗ ಅಲ್ಲಿದ್ದವರಿಗೆ ಪಂಪಿನ ಪರ್ಮಿಟ್ ಸಿಕ್ಕಿತು, ವಾಲ್ವಿನದ್ದು ಗೊತ್ತೇ ಆಗಲಿಲ್ಲ. ಪಂಪ್ ಶುರು ಮಾಡಿದರು. ಆ ಮುಚ್ಚಳದಿಂದ ಗ್ಯಾಸ್ ಹೊರಗೆ ಬಂತು. ಶಿಫ್ಟ್ ಬದಲಾಗುವಾಗ "ವಾಲ್ವ್ ಬಿಚ್ಚಿಟ್ಟಿದ್ದೇವೆ" ಅಂತ ಒಬ್ಬ ಇನ್ನೊಬ್ಬನಿಗೆ ಮುಖ ನೋಡಿ ಹೇಳಿದ್ದರೆ ಸಾಕಿತ್ತು. ನಿನ್ನೆ ಎಲ್ಲಿಗೆ ನಿಲ್ಲಿಸಿದ್ದು ಅಂತ ಸುರಂಗದ ಬಾಗಿಲಲ್ಲಿ ಕೂತು ಮಾತಾಡುತ್ತಿದ್ದರಲ್ಲ ನಿಮ್ಮ ಮಾವ, ಅಲ್ಲಿ ತಪ್ಪಿದ್ದು ಅದೇ ಮಾತು.

ಕಾಸರಗೋಡು_ಕನ್ನಡಿಗ
ಇದಕ್ಕೆ ಇಲ್ಲಿ ಕಾನೂನು ಇಲ್ವಾ?

ಮುಳ್ಳೇರಿಯ_ಮೇಷ್ಟ್ರು
1996ರ ಕಟ್ಟಡ ಕಾರ್ಮಿಕರ ಕಾಯ್ದೆ ಬಂದಾಗ ಹತ್ತು ಜನ ಅಥವಾ ಜಾಸ್ತಿ ಕೆಲಸ ಮಾಡುವ ಜಾಗಕ್ಕೆ ಅಂತ ಇತ್ತು. ಹತ್ತು ಲಕ್ಷದ ಒಳಗಿನ ಸ್ವಂತ ಮನೆ ಕೆಲಸವನ್ನು ಹೊರಗಿಟ್ಟಿದ್ದರು. ಏಳು ಜನರ ಟ್ರಸ್ ತಂಡವನ್ನು ಯಾರೂ ಬಂದು ನೋಡುವುದಿಲ್ಲ. ಬಿಸಿಲಿಗೆ ಮಾತ್ರ ಬೇಸಿಗೆಯಲ್ಲಿ 12ರಿಂದ 3ರವರೆಗೆ ಹೊರಗೆ ಕೆಲಸ ಮಾಡಿಸಬೇಡಿ ಅಂತ ಕೇರಳದ ಕಾರ್ಮಿಕ ಇಲಾಖೆ ಆದೇಶ ಮಾಡುತ್ತದೆ.

ರುವೈಸ್‌ನಿಂದ_ವಾಪಸ್
ಎಮಿರೇಟ್ಸ್‌ನಲ್ಲೂ ಉಂಟು, ಜೂನ್ 15ರಿಂದ ಸೆಪ್ಟೆಂಬರ್ 15, ಮಧ್ಯಾಹ್ನ 12:30ರಿಂದ 3. ಅಲ್ಲಿ ಮುರಿದರೆ ದಂಡ ಹಾಕುತ್ತಾರೆ. ಅದಕ್ಕೆ ಪಾಲಿಸುತ್ತಾರೆ.

ಹಾರ್ನೆಸ್_ಮಂಜೇಶ್ವರ
ಮೂಲ ಪ್ರಶ್ನೆಗೆ ಬರ್ತೇನೆ. ನಾನು ಟವರ್ ಕೆಲಸದವನು. ಬದಿಯಡ್ಕದ ಅಣ್ಣ, ಅವತ್ತು ಆ ಹುಡುಗ ಹುಕ್ ಸಿಕ್ಕಿಸಿದ್ದರೂ ಉಳಿಯುತ್ತಿದ್ದ ಅಂತ ಹೇಳಲು ಆಗುವುದಿಲ್ಲ. ಲೆಕ್ಕ ಮಾಡಿ. ಹಗ್ಗ 1.8 ಮೀಟರ್. ಬಿದ್ದಾಗ ಅದರ ಶಾಕ್ ಪ್ಯಾಕ್ (ಜಗ್ಗು ಕಡಿಮೆ ಮಾಡುವ ಮಡಚಿದ ಪಟ್ಟಿ) ಬಿಚ್ಚಿ ಇನ್ನೂ ಒಂದು ಮೀಟರಿಗಿಂತ ಜಾಸ್ತಿ ಉದ್ದ ಆಗುತ್ತದೆ. ಬೆನ್ನಿನ ರಿಂಗಿನಿಂದ ಕಾಲಿನವರೆಗೆ ಒಂದೂವರೆ ಮೀಟರ್. ಅದರ ಮೇಲೆ ಸ್ವಲ್ಪ ಜಾಗ ಬೇಕು. ಕಾಲ ಬುಡದಲ್ಲೇ ಹುಕ್ ಹಾಕಿದರೆ ಐದೂವರೆ ಮೀಟರ್ ಹತ್ತಿರ ಖಾಲಿ ಜಾಗ ಇದ್ದರೆ ಮಾತ್ರ ಬೆಲ್ಟ್ ಹಿಡಿಯುತ್ತದೆ. ನಿಮ್ಮ ಶೆಡ್ಡಿನ ಮಾಡು ಎಷ್ಟು ಎತ್ತರ? ಮೂರೂವರೆ, ನಾಲ್ಕು? ಹಗ್ಗ ಪೂರ್ತಿ ಹಿಡಿದು ನಿಲ್ಲಿಸುವ ಮೊದಲೇ ನೆಲ ಬರುತ್ತದೆ.

ಅಂಥ ಕಡೆ ಹುಕ್ ತಲೆಗಿಂತ ಮೇಲೆ ಹಾಕಬೇಕು. ಇಲ್ಲದಿದ್ದರೆ ಅಂಚಿಗೆ ತಲುಪಲೇ ಆಗದಷ್ಟು ಗಿಡ್ಡ ಹಗ್ಗ ಹಾಕಬೇಕು. ಸಿಮೆಂಟ್ ಶೀಟಿನ ಮೇಲೆ ಹೇಗೂ ನಡೆಯಲೇಬಾರದು, ಶೀಟಿನ ಅಡಿಯ ಎರಡು ಮೂರು ಪಟ್ಟಿಗೆ ತಾಗುವ ಹಾಗೆ ಹಲಗೆ ಹಾಕಿ ಅದರ ಮೇಲೆ ನಡೆಯಬೇಕು. ಸಾಧ್ಯ ಇದ್ದರೆ ಕೆಳಗಿನಿಂದ ಸ್ಟ್ಯಾಂಡ್ ಕಟ್ಟಿ ಬೋಲ್ಟ್ ಬಿಚ್ಚಿ ಇಳಿಸಿ. "ಬೆಲ್ಟ್ ಹಾಕಿ" ಎಂಬ ಮಾತಿನಲ್ಲಿ ಇದ್ಯಾವುದೂ ಬರುವುದಿಲ್ಲ ಅಲ್ವಾ. ಹಾಕಿ ತೋರಿಸಬೇಕು. ಹುಕ್ ಎಲ್ಲಿ ಅಂತ ಅವರೇ ಹೋಗಿ ಕೈ ಇಟ್ಟು ತೋರಿಸಬೇಕು.

ನೀರ್ಚಾಲು_ತೋಟ
ಮೊದಲು ಬರೆದದ್ದು ನಾನೇ. ನಿನ್ನೆಯಿಂದ ಎಲ್ಲ ಓದುತ್ತಿದ್ದೇನೆ. ನಮ್ಮ ಮನೆಯ ಹಿಂದೆ ಹಳೇ ಟಾಯ್ಲೆಟ್ ಗುಂಡಿ ಉಂಟು, ಮೇಲೆ ಸ್ಲಾಬ್, ಅದರ ಮೇಲೆ ಮಣ್ಣು ಹುಲ್ಲು. ನಮಗೆ ಗೊತ್ತು, ನಾವು ಅದರ ಮೇಲೆ ಕಾಲಿಡುವುದಿಲ್ಲ. ಹೋದ ವರ್ಷ ಪೈಂಟಿನವರು ಅಲ್ಲಿಯೇ ಏಣಿ ಇಟ್ಟಿದ್ದರು. ಎರಡು ದಿನ. ನಾನು ನೋಡಿಯೂ ಹೇಳಲಿಲ್ಲ, ಆ ಯೋಚನೆಯೇ ಬರಲಿಲ್ಲ. ಏನೂ ಆಗಲಿಲ್ಲ, ದೇವರು ದೊಡ್ಡವನು. ಈಗ ನೆನೆಸಿದರೆ ಎದೆ ಹೊಡೆದುಕೊಳ್ಳುತ್ತದೆ. ಬೆಳಿಗ್ಗೆಯ ಆ ಮಾತಿಗೆ ಮನೆಯವರನ್ನೂ ಕರೆಯಿರಿ. ಕಂಬದಿಂದ ಮನೆಗೆ ಬರುವ ಸರ್ವಿಸ್ ವಯರ್ ಎಲ್ಲಿ, ಬಾವಿಯ ಬಲೆ ಗಟ್ಟಿ ಉಂಟಾ, ಯಾವ ಮಾಡು ಕೊಳೆತಿದೆ, ಇದೆಲ್ಲ ನಮಗೆ ಗೊತ್ತಿರುವುದು. ಐದು ನಿಮಿಷದ ಕೂಲಿಯ ಮಾತು ಆಡಿದ್ದಕ್ಕೆ ಬೇಸರ ಉಂಟು.

ಉಪ್ಪಳ_ವೆಲ್ಡರ್
ನೀವು ಬಂದು ಹೇಳಿದ್ದು ದೊಡ್ಡದು ಅಣ್ಣ.

ಟ್ರಸ್‌ಕೆಲಸ_ಬದಿಯಡ್ಕ
ಎಲ್ಲರಿಗೂ ಒಟ್ಟಿಗೆ ಉತ್ತರ ಕೊಡ್ತೇನೆ. ಇವತ್ತು ಬೆಳಿಗ್ಗೆ ಹೊಸ ಮನೆಯಲ್ಲಿ ಬೇರೆ ರೀತಿ ಮಾಡಿದೆ. ನಮ್ಮಲ್ಲಿ ಮೂರು ವರ್ಷದಿಂದ ಇರುವ ಒಬ್ಬ ಬಂಗಾಳಿ ಹುಡುಗನಿಗೆ ಮಲಯಾಳ ಚೆನ್ನಾಗಿ ಬರುತ್ತದೆ. ಮಾತು ಅವನ ಕೈಗೆ ಕೊಟ್ಟೆ. "ಕೀ ಹೋತೆ ಪಾರೆ?" ಏನಾಗಬಹುದು? ಇದೊಂದು ವಾಕ್ಯ ಅವನಿಂದ ಕಲಿತು ನಾನೇ ಕೇಳಿದೆ. ಮೊದಲು ಯಾರೂ ಬಾಯಿ ಬಿಡಲಿಲ್ಲ. ಒಂದು ನಿಮಿಷ ಸುಮ್ಮನೆ ನಿಂತೆ, ಬಹಳ ಉದ್ದದ ನಿಮಿಷ. ಕೊನೆಗೆ ಒಡಿಶಾದ ಹುಡುಗ ಮೇಲೆ ಕೈ ತೋರಿಸಿದ. ನಾವು ಏಣಿ ಇಟ್ಟ ಮೂಲೆಯಲ್ಲಿ ಸರ್ವಿಸ್ ವಯರಿನ ರಬ್ಬರ್ ಮಾಡಿನ ಅಂಚಿಗೆ ಉಜ್ಜಿ ಹೋಗಿ ತಾಮ್ರ ಕಾಣುತ್ತಿತ್ತು. ನಾನು ನಿನ್ನೆ ಅಳತೆ ತೆಗೆಯಲು ಅದೇ ಏಣಿಯಲ್ಲಿ ಎರಡು ಸಲ ಹತ್ತಿ ಇಳಿದಿದ್ದೆ, ಕಂಡಿರಲಿಲ್ಲ. ಅದೂ ಅಲ್ಯೂಮಿನಿಯಂ ಏಣಿ.

ಏಣಿ ತೆಗೆದು ಆಚೆ ಇಟ್ಟೆವು. ಮನೆಯವರು ವಿದ್ಯುತ್ ಕಚೇರಿಗೆ ಫೋನ್ ಮಾಡಿದರು. ಅವರು ಬರುವವರೆಗೆ ಕೆಳಗೆ ಪೈಪ್ ಕಟ್ ಮಾಡುವ ಕೆಲಸ ಮಾಡಿದೆವು. ಆ ಹುಡುಗ ನಮ್ಮಲ್ಲಿಗೆ ಬಂದು ಐದು ತಿಂಗಳು. ಕೆಲಸದ ವಿಷಯದಲ್ಲಿ ಅವನ ಬಾಯಿಂದ ಒಂದು ಮಾತು ಕೇಳಿದ್ದು ಇವತ್ತೇ.

ಕೈ ಮುರಿದವನಿಗೆ ಆರು ವಾರ ರೆಸ್ಟ್ ಹೇಳಿದ್ದಾರೆ. ಅರ್ಧ ಕೂಲಿ ಕೊಡ್ತಾ ಇದ್ದೇನೆ, ರೂಮಿನಲ್ಲಿ ಉಳಿದವರು ಅಡಿಗೆ ಮಾಡಿ ಹಾಕ್ತಾರೆ.

ಹಾರ್ನೆಸ್_ಮಂಜೇಶ್ವರ
ಪೂರ್ತಿ ಕೊಡಿ ಅಣ್ಣ. ಬಿದ್ದದ್ದು ನಿಮ್ಮ ಕೆಲಸದಲ್ಲಿ.

ಟ್ರಸ್‌ಕೆಲಸ_ಬದಿಯಡ್ಕ
ಸರಿ. ಕೊಡ್ತೇನೆ. ಗಿಡ್ಡ ಹಗ್ಗ ಎಲ್ಲಿ ಸಿಗುತ್ತದೆ, ಕಾಸರಗೋಡಿನಲ್ಲಾ, ಮಂಗಳೂರಿಗೇ ಹೋಗಬೇಕಾ?

ಹಾರ್ನೆಸ್_ಮಂಜೇಶ್ವರ
ಮಂಗಳೂರಿಗೆ ನಾನು ಶನಿವಾರ ಹೋಗ್ತೇನೆ. ಏಳು ಜನರಿಗೆ ಏಳು ತರ್ತೇನೆ, ಐಎಸ್ 3521 (ಬೆಲ್ಟಿನ ಭಾರತೀಯ ಮಾನಕ) ಗುರುತು ನೋಡಿಯೇ ತರ್ತೇನೆ. ಭಾನುವಾರ ನಿಮ್ಮಲ್ಲಿಗೆ ಬಂದು ಅವರಿಗೆ ಹಾಕಿ ತೋರಿಸಿ ಹೋಗ್ತೇನೆ. ಎಲ್ಲರೂ ಇರಲಿ.

ಅಡಿಕೆ_ಮದ್ದು_ಪೆರ್ಲ
ಭಾನುವಾರ ನಾನೂ ಬರಬಹುದಾ? ನಮ್ಮ ದೋಟಿಯವರು ಮೂವರನ್ನು ಕರೆದುಕೊಂಡು ಬರ್ತೇನೆ. ಲೈನ್‌ಮನ್ ಅಣ್ಣ, ನಿಮಗೂ ಬರಲು ಆಗುತ್ತದಾ?

ಲೈನ್‌ಮನ್_ನಿವೃತ್ತ
ಬರ್ತೇನೆ. ದೋಟಿಯನ್ನೂ ತನ್ನಿ, ಮಲಗಿಸಿ ಹಿಡಿದುಕೊಂಡು ಬನ್ನಿ.